ತಣ್ಣನೆಯ ಮನೆಯಲ್ಲಿ ಸಾವರ್‌ಡೋ ಸ್ಟಾರ್ಟರ್ ಮಂಕಾಗಿದೆ, ಏನು ಮಾಡಲಿ?

ಚಳಿಮನೆ

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು. ಬೇಸಿಗೆಯಲ್ಲಿ ನನ್ನ ಸ್ಟಾರ್ಟರ್, ಅಂದರೆ ಬ್ರೆಡ್ ಉಬ್ಬಿಸಲು ಹಿಟ್ಟು, ನೀರು ಕಲಸಿ ಹುದುಗಿಸಿಟ್ಟ ಹುಳಿ ಹಿಟ್ಟಿನ ಬಗ್ಗೆ ಚಿಂತೆಯೇ ಇರಲಿಲ್ಲ. ಬೆಳಿಗ್ಗೆ ಹಿಟ್ಟು, ನೀರು ಹಾಕಿ ಕಲಸಿಟ್ಟರೆ ಮಧ್ಯಾಹ್ನದ ಊಟದೊಳಗೆ ಜಾರ್‌ನಲ್ಲಿ ಎರಡರಷ್ಟು ಆಗಿರುತ್ತಿತ್ತು. ಈಗ ಚಳಿ ಬಿದ್ದಿದೆ. ಅಡುಗೆಮನೆಯಲ್ಲಿ ಹಗಲು 18 ಡಿಗ್ರಿ, ರಾತ್ರಿ 16ಕ್ಕೆ ಇಳಿಯುತ್ತದೆ. ಅದೇ ಹಿಟ್ಟು, ಅದೇ ನೀರು, ಅದೇ 1:2:2 ಅಳತೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಫೀಡ್, ಅಂದರೆ ಹಳೆಯದರಲ್ಲಿ ಸ್ವಲ್ಪ ಉಳಿಸಿಕೊಂಡು ಹೊಸ ಹಿಟ್ಟು, ನೀರು ಸೇರಿಸುವುದು. ಆದರೆ ಮುಂದಿನ ಫೀಡ್ ಹೊತ್ತಿಗೆ ಮೊದಲಿನ ಅರ್ಧದಷ್ಟೂ ಏರಿರುವುದಿಲ್ಲ. ದಿನದಿಂದ ದಿನಕ್ಕೆ ಇನ್ನೂ ಮಂಕಾಗುತ್ತಿದೆ. ಕೆಟ್ಟ ವಾಸನೆ ಏನೂ ಇಲ್ಲ. ಹುಳಿ ವಾಸನೆಯೂ ಇಲ್ಲ, ಸುಮ್ನೆ ಹಸಿ ಹಿಟ್ಟಿನ ವಾಸನೆ.

ದಿನಕ್ಕೆ ಮೂರು ಸಲ ಫೀಡ್ ಮಾಡಲಾ? ಅಥವಾ ಇದನ್ನು ಬಿಟ್ಟು ಹೊಸದು ಶುರು ಮಾಡಲಾ? ಒಂದು ಜಾರ್‌ಗೋಸ್ಕರ ಮನೆಯನ್ನೆಲ್ಲ ಬಿಸಿ ಮಾಡುವುದು ಆಗದ ಮಾತು. ತಿಳಿದವರು ದಯವಿಟ್ಟು ಹೇಳಿ.


ಬೆಳಗಿನಬೇಕರ್

ಮೈದಾ ಮಾತ್ರ ಹಾಕುತ್ತಿದ್ದರೆ ಸ್ವಲ್ಪ ತವುಡು ತೆಗೆಯದ ಗೋಧಿ ಹಿಟ್ಟು ಸೇರಿಸಿ ನೋಡಿ. ಮತ್ತೆ ದಿನಕ್ಕೆ ಮೂರು ಸಲ ಫೀಡ್ ಮಾಡಿದರೆ ಚುರುಕಾಗುತ್ತದೆ ಅಂತ ನನಗನ್ನಿಸುತ್ತದೆ. ಬೇಕರಿಗಳಲ್ಲಿ ಹಾಗೇ ಮಾಡುತ್ತಾರಲ್ವಾ?


ಹುಳಿಜಾರ್

ಮೂರು ಸಲ ಬೇಡವೇ ಬೇಡ. ಚಳಿಮನೆಯವರೇ, ನೀವು ಕೊನೆಯಲ್ಲಿ ಬರೆದ ಒಂದು ಮಾತಿನಲ್ಲೇ ಉತ್ತರ ಇದೆ: ಹಸಿ ಹಿಟ್ಟಿನ ವಾಸನೆ. ಹಾಕಿದ ಹಿಟ್ಟು ಇನ್ನೂ ಖರ್ಚಾಗಿಲ್ಲ ಅಂತ ಅದರ ಅರ್ಥ. ಹಸಿವಾಗದವರಿಗೆ ಮತ್ತೆ ಮತ್ತೆ ಬಡಿಸಿದಂತೆ ಆಗುತ್ತಿದೆ.

ಲೆಕ್ಕ ಹಾಕಿ ನೋಡಿ. 1:2:2 ಅಂದರೆ ಒಂದು ಪಾಲು ಹಳೆಯದು, ಎರಡು ಪಾಲು ಹಿಟ್ಟು, ಎರಡು ಪಾಲು ನೀರು. ಒಟ್ಟು ಐದು ಪಾಲಿನಲ್ಲಿ ಜೀವ ಇರುವುದು ಒಂದೇ ಪಾಲಿನಲ್ಲಿ. ಅಂದರೆ ಪ್ರತಿ ಫೀಡ್‌ಗೂ ಯೀಸ್ಟ್, ಬ್ಯಾಕ್ಟೀರಿಯಾ ಐದರಲ್ಲಿ ಒಂದಕ್ಕೆ ಇಳಿಯುತ್ತವೆ. ಮುಂದಿನ ಫೀಡ್ ಒಳಗೆ ಅವು ಐದು ಪಟ್ಟು ಬೆಳೆದರೆ ಮಾತ್ರ ಮೊದಲಿದ್ದಷ್ಟೇ ಆಗುತ್ತವೆ. ಬೇಸಿಗೆಯಲ್ಲಿ 12 ಗಂಟೆಗೆ ಅದು ಆರಾಮಾಗಿ ಆಗುತ್ತದೆ. ಚಳಿಯಲ್ಲಿ ಅದೇ 12 ಗಂಟೆಗೆ ಮೂರು ಪಟ್ಟು ಮಾತ್ರ ಬೆಳೆದವು ಅಂತಿಟ್ಟುಕೊಳ್ಳಿ. 100 ಇದ್ದದ್ದು ಮೊದಲ ಫೀಡ್ ಮುಗಿಯುವ ಹೊತ್ತಿಗೆ 60. ಆಮೇಲೆ 36. ಆಮೇಲೆ 22. ಎರಡೇ ದಿನದೊಳಗೆ ಕಾಲು ಭಾಗಕ್ಕಿಂತ ಕಡಿಮೆ. ದಿನದಿಂದ ದಿನಕ್ಕೆ ಮಂಕಾಗುತ್ತಿದೆ ಅಂದಿರಲ್ಲ, ಅದು ಇದೇ. ಮೂರು ಸಲ ಫೀಡ್ ಮಾಡಿದರೆ ಇನ್ನೂ ಬೇಗ ತೊಳೆದುಹೋಗುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಇವತ್ತು ಫೀಡ್ ಮಾಡಬೇಡಿ. ಚೆನ್ನಾಗಿ ಕಲಸಿ, ಜಾರ್‌ನ ಗೋಡೆ ಕೆರೆದು ಒಳಗೆ ಸೇರಿಸಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಸ್ವಲ್ಪ ಬೆಚ್ಚಗಿನ ಜಾಗ ಇದ್ದರೆ ಅಲ್ಲಿಡಿ. ಗುಳ್ಳೆ ಬರಬೇಕು, ಹುಳಿ ವಾಸನೆ ಬರಬೇಕು, ಏರಿದ್ದು ನಡುವೆ ತುಸು ಕುಸಿಯಲು ಶುರುವಾಗಬೇಕು. ಒಂದು ದಿನ ಆಗಲಿ, ಎರಡು ದಿನ ಆಗಲಿ, ಅಲ್ಲಿಯವರೆಗೆ ಕಾಯಿರಿ. ಆಮೇಲೆ 1:1:1ರಲ್ಲಿ ಫೀಡ್ ಮಾಡಿ, ದಿನಕ್ಕೆ ಒಮ್ಮೆ ಮಾತ್ರ.


ಬೆಳಗಿನಬೇಕರ್

ಹುಳಿಜಾರ್ ಅವರೇ, ಲೆಕ್ಕ ಅರ್ಥವಾಯಿತು. ಆದರೆ ಪದೇ ಪದೇ ಫೀಡ್ ಮಾಡಿದರೆ ಹುಳಿ ಕಡಿಮೆಯಾಗಿ ಯೀಸ್ಟ್ ಬಲವಾಗುತ್ತದೆ ಅಂತ ತುಂಬಾ ಕಡೆ ಓದಿದ್ದೇನೆ. ಅದು ಸುಳ್ಳಾ?


ಹುಳಿಜಾರ್

ಸುಳ್ಳಲ್ಲ. ಬೆಚ್ಚಗಿರುವ ಜಾಗಕ್ಕೆ ಅದು ಸರಿ. ಬೇಕರಿಯಲ್ಲಿ ಸ್ಟಾರ್ಟರ್ ಕಿಲೋಗಟ್ಟಲೆ ಇರುತ್ತದೆ, 25 ಡಿಗ್ರಿ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಅಲ್ಲಿ ಅದು ಕೆಲವೇ ಗಂಟೆಗಳಲ್ಲಿ ಏರಿ ಇಳಿಯಲು ತಯಾರಾಗಿರುತ್ತದೆ. ಅದಕ್ಕೇ ಅವರು ಪದೇ ಪದೇ ಹಾಕುತ್ತಾರೆ. ಅವರು ಗಡಿಯಾರಕ್ಕೆ ಫೀಡ್ ಮಾಡುವಂತೆ ಕಾಣುತ್ತದೆ. ಆದರೆ ಆ ಗಡಿಯಾರವನ್ನು ಹಿಟ್ಟಿನ ವೇಗಕ್ಕೆ ಹೊಂದಿಸಿಕೊಂಡಿರುತ್ತಾರೆ. 17 ಡಿಗ್ರಿಯ ಅಡುಗೆಮನೆಗೆ ಅದೇ ವೇಳಾಪಟ್ಟಿ ತಂದರೆ ಕೆಲಸ ಕೆಡುತ್ತದೆ.


ಲ್ಯಾಬ್‌ಬೆಂಚು

ಸೂಕ್ಷ್ಮಜೀವಿಗಳ ಜೊತೆ ಕೆಲಸ ಮಾಡುವವಳು ನಾನು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹುಳಿಜಾರ್ ಹೇಳಿದ್ದು ಪೂರ್ತಿ ಸರಿ. ಜೊತೆಗೆ ಇನ್ನೊಂದು ಕಾರಣವೂ ಇದೆ.

ಸ್ಟಾರ್ಟರ್‌ನಲ್ಲಿ ಎರಡು ಗುಂಪು ಒಟ್ಟಿಗೆ ಬದುಕುತ್ತವೆ. ಒಂದು ಯೀಸ್ಟ್. ಹಿಟ್ಟು ಉಬ್ಬುವುದು ಹೆಚ್ಚಾಗಿ ಇದರಿಂದ. ಇನ್ನೊಂದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಹುಳಿ ಬರುವುದು ಇದರಿಂದ. ಸ್ಯಾನ್ ಫ್ರಾನ್ಸಿಸ್ಕೋದ ಬ್ರೆಡ್‌ನಲ್ಲಿ ಇಂಥ ಒಂದು ಬ್ಯಾಕ್ಟೀರಿಯಾವನ್ನು ಕ್ಲೈನ್ ಮತ್ತು ಸುಗಿಹಾರಾ 1971ರಲ್ಲಿ ವಿವರಿಸಿದರು. ಆ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಈಗ ಅದನ್ನು ಫ್ರುಕ್ಟಿಲ್ಯಾಕ್ಟೋಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸೆನ್ಸಿಸ್ ಅಂತ ಕರೆಯುತ್ತಾರೆ. ಅದು ಆ ಊರಿನಲ್ಲಿ ಮಾತ್ರ ಇರುವುದಲ್ಲ, ಎಷ್ಟೋ ದೇಶಗಳ ಸ್ಟಾರ್ಟರ್‌ಗಳಲ್ಲಿ ಸಿಕ್ಕಿದೆ.

1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಬ್ಯಾಕ್ಟೀರಿಯಾ ಮತ್ತು ಅದರ ಜೊತೆ ಸಾಮಾನ್ಯವಾಗಿ ಇರುವ ಯೀಸ್ಟ್ ಯಾವ ಬಿಸಿಯಲ್ಲಿ ಎಷ್ಟು ಬೇಗ ಬೆಳೆಯುತ್ತವೆ ಅಂತ ಅಳೆದಿದ್ದರು. ಬ್ಯಾಕ್ಟೀರಿಯಾ ಅತಿ ಚುರುಕು 32 ಡಿಗ್ರಿ ಹತ್ತಿರ. ಯೀಸ್ಟ್ ಅತಿ ಚುರುಕು 27ರ ಹತ್ತಿರ. 36 ದಾಟಿದರೆ ಆ ಯೀಸ್ಟ್ ಬೆಳೆಯುವುದೇ ಇಲ್ಲ. ಕೆಳಗೆ ಇಳಿದಂತೆ ಎರಡೂ ನಿಧಾನವಾಗುತ್ತವೆ. 27ರಿಂದ 18ಕ್ಕೆ ಬಂದರೆ ವೇಗ ಅರ್ಧಕ್ಕಿಂತ ಕಡಿಮೆ ಅಂತ ಅಂದಾಜು ಇಟ್ಟುಕೊಳ್ಳಿ. ನಿಧಾನ ಅಷ್ಟೇ, ಸಾಯುವುದಿಲ್ಲ. 4 ಡಿಗ್ರಿ ಫ್ರಿಜ್‌ನಲ್ಲಿ ವಾರಗಟ್ಟಲೆ ಬದುಕುವ ಜೀವಿಗಳು 16 ಡಿಗ್ರಿಗೆ ಸಾಯುತ್ತವಾ? ಹಾಗಾಗಿ ಹೊಸದು ಶುರು ಮಾಡುವ ಯೋಚನೆ ಬಿಟ್ಟುಬಿಡಿ.

ಇನ್ನೊಂದು ಕಾರಣ ಅಂದೆನಲ್ಲ, ಅದು ಹುಳಿ. ಹಣ್ಣಾದ ಸ್ಟಾರ್ಟರ್‌ನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4ಕ್ಕಿಂತ ಕೆಳಗೆ ಇರುತ್ತದೆ. ಹಸಿ ಹಿಟ್ಟು, ನೀರಿನದು 6ರ ಹತ್ತಿರ. ಆ ಹುಳಿಯೇ ಸ್ಟಾರ್ಟರ್‌ಗೆ ಕಾವಲು. ಬೇಡದ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಲಾರವು. ಹುಳಿ ಬರುವ ಮೊದಲೇ ಮತ್ತೆ ಹಿಟ್ಟು, ನೀರು ಸುರಿದರೆ ಕಾವಲು ತೆಳುವಾಗುತ್ತದೆ. ಬೇಗ ಬೇಗ ಫೀಡ್ ಮಾಡಿದರೆ ಬಲ ಕಡಿಮೆಯಾಗುವುದು ಮಾತ್ರವಲ್ಲ, ಬೇರೆ ಸೂಕ್ಷ್ಮಜೀವಿಗಳಿಗೆ ಬಾಗಿಲು ತೆರೆದಂತೆಯೂ ಆಗುತ್ತದೆ.


ಚಳಿಮನೆ

ಇಬ್ಬರಿಗೂ ತುಂಬಾ ಧನ್ಯವಾದ. ಎಲ್ಲೂ ಯಾರೂ ಇದನ್ನು ಹೀಗೆ ಹೇಳಿರಲಿಲ್ಲ. ಫೀಡ್ ನಿಲ್ಲಿಸಿ ಕಾಯುತ್ತೇನೆ. ಬೆಚ್ಚಗಿನ ಜಾಗ ಅಂದಿರಲ್ಲ, ಓವನ್ ಒಳಗೆ ಲೈಟ್ ಹಾಕಿ ಇಡಬಹುದಾ?


ಒಲೆಪಕ್ಕ

ಇಡಬಹುದು, ಆದರೆ ಮೊದಲು ಥರ್ಮಾಮೀಟರ್ ಇಟ್ಟು ಅಳೆಯಿರಿ. ಓವನ್ ಲೈಟ್ ಎಲ್ಲದರಲ್ಲೂ ಒಂದೇ ತರ ಇರುವುದಿಲ್ಲ. ಹಳೆಯ ತಂತಿ ಬಲ್ಬ್ ಇದ್ದರೆ, ಬಾಗಿಲು ಮುಚ್ಚಿ ಕೆಲವು ಗಂಟೆ ಬಿಟ್ಟರೆ 35 ದಾಟಿಬಿಡುತ್ತದೆ. ಎಲ್‌ಇಡಿ ಇದ್ದರೆ ಬಿಸಿಯೇ ಆಗದಿರಬಹುದು. ಒಂದು ಲೋಟ ನೀರನ್ನು ಜಾರ್ ಇಡುವ ಜಾಗದಲ್ಲೇ ಇಟ್ಟು, ಮೂರ್ನಾಲ್ಕು ಗಂಟೆ ಬಿಟ್ಟು ಆ ನೀರಿನ ಬಿಸಿ ನೋಡಿ. ಗಾಳಿಯದ್ದಲ್ಲ, ನೀರಿನದ್ದು. ಜಾಸ್ತಿ ಆದರೆ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸ್ವಲ್ಪ ತೆರೆದಿಡಿ, ಇಲ್ಲವೇ ಲೈಟ್ ಆರಿಸಿ ಹಾಕಿ ಮಾಡಿ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಓವನ್ ಸ್ವಿಚ್ ಮೇಲೆ ದೊಡ್ಡದಾಗಿ ಒಂದು ಚೀಟಿ ಅಂಟಿಸಿ: ‘ಒಳಗೆ ಸ್ಟಾರ್ಟರ್ ಇದೆ, ಆನ್ ಮಾಡಬೇಡಿ’. ಮನೆಯಲ್ಲಿ ಇನ್ನೊಬ್ಬರು ಬಂದು ಪ್ರೀಹೀಟ್‌ಗೆ ಹಾಕಿದರೆ ಕಥೆ ಮುಗಿಯಿತು. ನಮ್ಮ ಮನೆಯಲ್ಲಿ ಆ ಚೀಟಿ ಖಾಯಂ ಇದೆ.


ಭಾನುವಾರದಬ್ರೆಡ್

ಮೊಸರು ಮಾಡುವ ಮೆಷಿನ್ ಇದೆ, ಅದರಲ್ಲಿ ಇಡಬಹುದಾ?


ಲ್ಯಾಬ್‌ಬೆಂಚು

ಬೇಡ. ಅವು ಸಾಮಾನ್ಯವಾಗಿ 40 ಡಿಗ್ರಿ ಮೇಲೆ ಇರುತ್ತವೆ. ಬ್ಯಾಕ್ಟೀರಿಯಾ ಉಳಿಯಬಹುದು, ಯೀಸ್ಟ್ ಹಿಂದೆ ಬೀಳುತ್ತದೆ. ಹುಳಿ ಸಿಗುತ್ತದೆ, ಉಬ್ಬು ಸಿಗುವುದಿಲ್ಲ. ಬಿಸಿ ಹೊಂದಿಸಿಕೊಳ್ಳಲು ಬರುವ ಮೆಷಿನ್ ಆದರೆ 26ಕ್ಕೆ ಇಟ್ಟು ಬಳಸಿ, ತೊಂದರೆ ಇಲ್ಲ.


ಗ್ರಾಂಲೆಕ್ಕ

ಎಲ್ಲರೂ ಬೆಚ್ಚಗಿನ ನೀರು ಹಾಕಿ ಅಂತ ಹೇಳುತ್ತಾರೆ. ಎಷ್ಟು ಬೆಚ್ಚಗೆ? ಹಾಕಿದರೆ ಎಷ್ಟು ಪ್ರಯೋಜನ? ಇದನ್ನು ಕೂತು ಲೆಕ್ಕ ಮಾಡಿದ್ದೇನೆ. ಉಪಯೋಗ ಆಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಹಳೆಯ ಸ್ಟಾರ್ಟರ್ 20 ಗ್ರಾಂ, ಹಿಟ್ಟು 40, ನೀರು 40. ಮನೆ 18 ಡಿಗ್ರಿ, ಹಾಗಾಗಿ ಹಿಟ್ಟು, ಸ್ಟಾರ್ಟರ್ ಎರಡೂ 18. ಕಲಸಿದ ಮೇಲೆ 26 ಬೇಕು. ಹಿಟ್ಟು ಬಿಸಿ ಮಾಡಲು ಅಷ್ಟೇ ತೂಕದ ನೀರಿಗಿಂತ ಅರ್ಧಕ್ಕೂ ಕಡಿಮೆ ಶಾಖ ಸಾಕು. ಆ ಲೆಕ್ಕದಲ್ಲಿ ನೀರು 32 ಡಿಗ್ರಿ ಇದ್ದರೆ ಸಾಕಾಗುತ್ತದೆ. ಮುಟ್ಟಿದರೆ ಬಿಸಿ ಅನ್ನಿಸದ ನೀರು ಅದು.

ಆದರೆ ಅದನ್ನು 300 ಗ್ರಾಂ ತೂಕದ ದಪ್ಪ ಗಾಜಿನ ಜಾರ್‌ಗೆ ಹಾಕಿದ್ದೀರಿ ಅಂದುಕೊಳ್ಳಿ. ಜಾರ್ ಕೂಡ 18 ಡಿಗ್ರಿ. ಗಾಜು ತನ್ನ ಪಾಲಿನ ಶಾಖ ಎಳೆದುಕೊಳ್ಳುತ್ತದೆ. ಎರಡೂ ಒಂದೇ ಮಟ್ಟಕ್ಕೆ ಬರುವ ಹೊತ್ತಿಗೆ 26 ಹೋಗಿ 22ರ ಹತ್ತಿರ ನಿಲ್ಲುತ್ತದೆ. ನೀವು ಕೊಟ್ಟ ಬಿಸಿಯಲ್ಲಿ ಅರ್ಧ ಜಾರ್‌ಗೇ ಹೋಯಿತು. ಆಮೇಲೆ ಸುತ್ತಲಿನ ತಣ್ಣನೆ ಗಾಳಿ ಉಳಿದದ್ದನ್ನೂ ತೆಗೆದುಕೊಳ್ಳುತ್ತದೆ. 100 ಗ್ರಾಂ ಹಿಟ್ಟು ತಾನಾಗಿ ಬಿಸಿ ಹಿಡಿದುಕೊಳ್ಳುವಷ್ಟು ದೊಡ್ಡದಲ್ಲ.

ಇದರಿಂದ ನಾನು ಮಾಡುವುದು ಇಷ್ಟು. ಮೊದಲು ಖಾಲಿ ಜಾರ್‌ಗೆ ನಲ್ಲಿಯ ಬಿಸಿನೀರು ತುಂಬಿಸಿ ಎರಡು ನಿಮಿಷ ಬಿಟ್ಟು ಚೆಲ್ಲಿ ಒರೆಸುತ್ತೇನೆ. ಆಮೇಲೆ ಕಲಸಿದ್ದನ್ನು ಹಾಕುತ್ತೇನೆ. ತೆಳು ಪ್ಲಾಸ್ಟಿಕ್ ಡಬ್ಬಿ ಆದರೆ ಈ ತಲೆನೋವೇ ಇಲ್ಲ, ಅದು ಶಾಖ ಎಳೆಯುವುದು ಕಡಿಮೆ. ತಕ್ಷಣ ಮುಚ್ಚಿದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಐಸ್ ಇಡುವ ಥರ್ಮೋಕೋಲ್ ಪೆಟ್ಟಿಗೆ ಇದಕ್ಕೆ ಬಹಳ ಒಳ್ಳೆಯದು, ಪಕ್ಕದಲ್ಲಿ ಒಂದು ಬಾಟಲಿ ಬಿಸಿನೀರು. ಬಾಟಲಿ ಜಾರ್‌ಗೆ ತಾಗದಂತೆ ನಡುವೆ ಒಂದು ಮಡಿಚಿದ ಬಟ್ಟೆ. ಪೆಟ್ಟಿಗೆ ಇಲ್ಲದೆ ಬರೀ ಬೆಚ್ಚಗಿನ ನೀರು ಹಾಕಿದರೆ ಅದು ಶುರುವಿನ ಒಂದೆರಡು ಗಂಟೆಗೆ ಮಾತ್ರ.

ನೀರು 40 ಡಿಗ್ರಿ ದಾಟಿದ್ದರೆ ನೇರವಾಗಿ ಸ್ಟಾರ್ಟರ್ ಮೇಲೆ ಸುರಿಯಬೇಡಿ. ಮೊದಲು ಹಿಟ್ಟಿಗೆ ಹಾಕಿ ಕಲಸಿ, ಬಿಸಿ ಇಳಿದ ಮೇಲೆ ಸ್ಟಾರ್ಟರ್ ಸೇರಿಸಿ.


ಒಲೆಪಕ್ಕ

ಜಾರ್ ಬಿಸಿ ಮಾಡುವ ವಿಷಯ ಎಷ್ಟು ಸರಿ! ಗಿಡದ ಸಸಿಗೆ ಬಳಸುವ ಹೀಟ್ ಮ್ಯಾಟ್ ಇರುವವರೂ ಇದನ್ನು ಗಮನಿಸಿ: ಜಾರ್ ಅನ್ನು ಮ್ಯಾಟ್ ಮೇಲೆ ನೇರವಾಗಿ ಇಟ್ಟರೆ ತಳ ಬಿಸಿ, ಮೇಲೆ ತಣ್ಣಗೆ. ಮ್ಯಾಟ್ ಅನ್ನು ಜಾರ್ ಪಕ್ಕಕ್ಕೆ ನಿಲ್ಲಿಸಿ, ಇಲ್ಲವೇ ನಡುವೆ ಒಂದು ತಟ್ಟೆ ಇಡಿ. ಬಿಸಿ ತಾನಾಗಿ ನಿಲ್ಲಿಸುವ ಕಂಟ್ರೋಲರ್ ಜೊತೆಗಿದ್ದರೆ ಒಳ್ಳೆಯದು. ಫ್ರಿಜ್ ತಲೆ ಮೇಲೆ, ಇಂಟರ್ನೆಟ್ ರೂಟರ್ ಪಕ್ಕ, ಇವೆಲ್ಲ ಎರಡು ಮೂರು ಡಿಗ್ರಿ ಕೊಡಬಹುದು. ಹೊಸ ಫ್ರಿಜ್‌ಗಳ ಮೇಲ್ಭಾಗ ಬಿಸಿಯೇ ಇರುವುದಿಲ್ಲ, ಕೈ ಇಟ್ಟು ನೋಡಿ.


ರೈಪ್ರಿಯೆ

ಬಿಸಿಯ ಮಾತು ಬಂತು ಅಂತ ಒಂದು ವಿಷಯ. 1896ರಲ್ಲಿ ಕೆನಡಾದ ಕ್ಲೋಂಡೈಕ್‌ನಲ್ಲಿ ಚಿನ್ನ ಸಿಕ್ಕಿತು ಅಂತ ಸುದ್ದಿಯಾಗಿ ಜನ ಸಾಲುಗಟ್ಟಿ ಹೋದರು. ಅಲ್ಲಿನ ಚಳಿಯಲ್ಲಿ ಸ್ಟಾರ್ಟರ್ ಹೆಪ್ಪುಗಟ್ಟದಂತೆ ಅದನ್ನು ಚೀಲದಲ್ಲಿ ಹಾಕಿ ಮೈಗೆ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದರಂತೆ. ಅಲ್ಲಿನ ಹಳಬರಿಗೆ ‘ಸಾವರ್‌ಡೋ’ ಅನ್ನುವುದೇ ಅಡ್ಡಹೆಸರಾಯಿತು. ನಮ್ಮ ಕಷ್ಟ ಅದರ ಮುಂದೆ ತುಂಬಾ ಸಣ್ಣದು.

ಇನ್ನು ಹಿಟ್ಟಿನ ವಿಷಯ. ಬೆಳಗಿನಬೇಕರ್ ಮೊದಲೇ ಹೇಳಿದ ಇಡೀ ಗೋಧಿಯ ಸಲಹೆ ಒಳ್ಳೆಯದು, ಅದನ್ನು ಬಿಡಬೇಡಿ. ನಾನು ಚಳಿ ಕಾಲಕ್ಕೆ ಹಿಟ್ಟಿನಲ್ಲಿ ಐದನೇ ಒಂದು ಪಾಲು ರೈ (ಗೋಧಿಯಂಥ ಒಂದು ಧಾನ್ಯ) ಹಿಟ್ಟು ಹಾಕುತ್ತೇನೆ. ತವುಡು ಇರುವ ಹಿಟ್ಟಿನಲ್ಲಿ ಖನಿಜಾಂಶ ಜಾಸ್ತಿ, ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳೂ ಜಾಸ್ತಿ. ಅದಕ್ಕೇ ಅದೇ ಬಿಸಿಯಲ್ಲಿ ಮೈದಾಕ್ಕಿಂತ ಬೇಗ ಹುದುಗುತ್ತದೆ.

ಒಂದು ಎಚ್ಚರಿಕೆ. ರೈ ಜಾಸ್ತಿ ಹಾಕಿದರೆ ಮೇಲೆ ಗುಮ್ಮಟದ ಹಾಗೆ ಏರುವುದನ್ನು ಕಾಯಬೇಡಿ. ಗೋಧಿಯ ಅಂಟು ಅದಕ್ಕಿಲ್ಲ. ಮೇಲ್ಮೈ ಬಿರುಕು ಬಿಟ್ಟು ಸಣ್ಣ ಸಣ್ಣ ತೂತು ಕಾಣುತ್ತದೆ. ಚಮಚದಿಂದ ಒಂದು ಕಡೆ ಸರಿಸಿದರೆ ಒಳಗೆ ಸ್ಪಾಂಜಿನಂತೆ ಇರುತ್ತದೆ. ಅದೇ ಗುರುತು.


ಹೊಸಕೈ

ನಮಸ್ಕಾರ, ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಇನ್ನೂ ಮೊದಲ ಸ್ಟಾರ್ಟರ್ ತಯಾರು ಮಾಡುತ್ತಿದ್ದೇನೆ. ನಮ್ಮ ಮನೆಯೂ 18 ಡಿಗ್ರಿ. ಶುರುವಿನಲ್ಲಿ ಜೋರಾಗಿ ಉಬ್ಬಿತು, ಜಾರ್ ಉಕ್ಕಿ ಹರಿಯಿತು. ಬಹಳ ಖುಷಿ ಆಯಿತು. ಆಮೇಲೆ ಸತ್ತ ಹಾಗೆ ಆಗಿದೆ, ಒಂದು ಗುಳ್ಳೆ ಇಲ್ಲ. ವಾಸನೆಯೂ ಒಂಥರಾ ಕೊಳೆತ ತರಕಾರಿ ತರ ಇತ್ತು. ಎಸೆಯಲಾ?


ಲ್ಯಾಬ್‌ಬೆಂಚು

ಎಸೆಯಬೇಡಿ! ಮೊದಲು ಉಬ್ಬಿದ್ದು ಯೀಸ್ಟ್‌ನಿಂದ ಅಲ್ಲ. ಹಿಟ್ಟಿನಲ್ಲಿ ಮೊದಲೇ ಇರುವ ಕೆಲವು ಬ್ಯಾಕ್ಟೀರಿಯಾ, ಉದಾಹರಣೆಗೆ ಲ್ಯೂಕೊನೊಸ್ಟಾಕ್ ಗುಂಪಿನವು, ಶುರುವಿನಲ್ಲಿ ಗ್ಯಾಸ್ ಬಿಡುತ್ತವೆ. ಹುಳಿ ಏರಿದಂತೆ ಅವು ಹಿಂದೆ ಸರಿಯುತ್ತವೆ. ಹುಳಿ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಆಮೇಲೆ ಬರುತ್ತವೆ. ಈ ಎರಡರ ನಡುವೆ ಏನೂ ಆಗದ ಕೆಲವು ದಿನ ಇರುತ್ತವೆ. ಬೆಚ್ಚಗಿನ ಮನೆಯಲ್ಲಿ ಅದು ಎರಡು ಮೂರು ದಿನಕ್ಕೆ ಮುಗಿಯುತ್ತದೆ. ತಣ್ಣನೆ ಮನೆಯಲ್ಲಿ ಒಂದು ವಾರ ದಾಟಬಹುದು, ಅದಕ್ಕಿಂತ ಜಾಸ್ತಿಯೂ ಆಗಬಹುದು.

ತುಂಬಾ ಜನ ಕೈಬಿಡುವುದು ಸರಿಯಾಗಿ ಈ ಹಂತದಲ್ಲೇ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಫೀಡ್ ಮಾಡಬೇಡಿ, ದಿನಕ್ಕೆ ಒಂದೆರಡು ಸಲ ಚೆನ್ನಾಗಿ ಕಲಸಿ ಅಷ್ಟೇ. ಹುಳಿ ವಾಸನೆ ಸ್ಪಷ್ಟವಾಗಿ ಬಂದು ಸಣ್ಣ ಗುಳ್ಳೆ ಕಂಡ ಮೇಲೆ 1:1:1 ಫೀಡ್ ಶುರು ಮಾಡಿ. ಮನೆಯಲ್ಲಿ ಬೆಚ್ಚಗಿನ ಪೆಟ್ಟಿಗೆ ಇದ್ದರೆ ಈ ಸಮಯಕ್ಕೇ ಅದನ್ನು ಬಳಸಿ. ಹಳೆಯ ಸ್ಟಾರ್ಟರ್ ಚಳಿ ತಡೆಯುತ್ತದೆ, ಹೊಸದು ಹುಟ್ಟುವಾಗ ಬಿಸಿ ನಿಜವಾಗಿಯೂ ಸಹಾಯ ಮಾಡುತ್ತದೆ.


ಹೊಸಕೈ

ಮೇಡಂ, ಮೇಲೆ ಬೂದು ಬಣ್ಣದ ನೀರು ನಿಂತಿದೆ. ಅದು ಕೆಟ್ಟಿದೆ ಅಂತ ಅಲ್ವಾ?


ರೈಪ್ರಿಯೆ

ಅಲ್ಲ. ಬಹಳ ಹೊತ್ತು ಬಿಟ್ಟಾಗ ನೀರು, ಸ್ವಲ್ಪ ಆಲ್ಕೊಹಾಲ್ ಮೇಲೆ ನಿಲ್ಲುತ್ತದೆ. ಕಲಸಿಬಿಡಿ, ಇಲ್ಲವೇ ಚೆಲ್ಲಿ. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ ಅದು ಹಸಿವಿನ ಗುರುತು, ಆಗ ಫೀಡ್ ಮಾಡಿ. ಎಸೆಯಬೇಕಾದದ್ದು ಎರಡೇ ಸಂದರ್ಭದಲ್ಲಿ: ಹತ್ತಿಯಂತೆ ಬೂಷ್ಟು ಬಂದಿದ್ದರೆ, ಇಲ್ಲವೇ ಗುಲಾಬಿ, ಕಿತ್ತಳೆ ಬಣ್ಣದ ಗೆರೆ ಕಂಡರೆ. ಆಗ ಮೇಲಿನದು ತೆಗೆದು ಉಳಿದದ್ದು ಬಳಸುವುದು ಬೇಡ. ಪೂರ್ತಿ ಎಸೆದು ಜಾರ್ ಬಿಸಿನೀರಲ್ಲಿ ತೊಳೆಯಿರಿ. ಜಾರ್‌ನ ಅಂಚಿನಲ್ಲಿ ಒಣಗಿದ ಹಿಟ್ಟು ಬಿಡಬೇಡಿ, ಬೂಷ್ಟು ಮೊದಲು ಬರುವುದೇ ಅಲ್ಲಿ.


ಚಳಿಮನೆ

ಸುದ್ದಿ ಹೇಳುತ್ತೇನೆ. ಫೀಡ್ ನಿಲ್ಲಿಸಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ರಾತ್ರಿ ಕಳೆದು ಮುಚ್ಚಳ ತೆಗೆದರೆ ಹುಳಿ ವಾಸನೆ ಬಂತು. ಜಾರ್ ಪಕ್ಕದಿಂದ ನೋಡಿದರೆ ಬಟಾಣಿ ಗಾತ್ರದ ಗುಳ್ಳೆಗಳು. ಆಮೇಲೆ 1:1:1 ಫೀಡ್ ಮಾಡುತ್ತಿದ್ದೇನೆ. ರಬ್ಬರ್ ಬ್ಯಾಂಡ್ ದಾಟಿ ಎರಡರಷ್ಟು ಏರಿತು. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಈಗ ಇನ್ನೊಂದು ಪ್ರಶ್ನೆ. ಪೆಟ್ಟಿಗೆ ಇಲ್ಲದೆ 17 ಡಿಗ್ರಿಯಲ್ಲೇ ಬಿಟ್ಟರೆ ಅದು ಪೀಕ್‌ಗೆ, ಅಂದರೆ ಏರುವಷ್ಟು ಏರಿ ನಿಲ್ಲುವ ಹಂತಕ್ಕೆ, ಬರಲು 12 ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಫೀಡ್ ಮಾಡಿದರೆ ರಾತ್ರಿ ಮಲಗುವ ಹೊತ್ತಿಗೆ ತಯಾರು. ಬ್ರೆಡ್‌ಗೆ ಹಿಟ್ಟು ಕಲಸುವುದು ಯಾವಾಗ? ಇದನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ?


ಹುಳಿಜಾರ್

ಬಹಳ ಸಂತೋಷ ಆಯಿತು. ತಣ್ಣನೆಯ ಮನೆಯ ದೊಡ್ಡ ಅನುಕೂಲ ಇರುವುದೇ ಇಲ್ಲಿ. ರಾತ್ರಿ 8ಕ್ಕೆ ಫೀಡ್ ಮಾಡಿ ಮಲಗಿ. ಬೆಳಿಗ್ಗೆ 8ಕ್ಕೆ ಅದು ಪೀಕ್‌ನಲ್ಲಿ ಇರುತ್ತದೆ. 28 ಡಿಗ್ರಿ ಮನೆಯಲ್ಲಿ ಇದು ಆಗದ ಮಾತು, ಅಲ್ಲಿ ಅದು ನಡುರಾತ್ರಿಯೇ ಏರಿ ಬೆಳಗಾಗುವಷ್ಟರಲ್ಲಿ ಕುಸಿದಿರುತ್ತದೆ.

ಇನ್ನೂ ಒಂದಿದೆ. ನಿಧಾನವಾಗಿ ಏರಿದ್ದು ನಿಧಾನವಾಗಿಯೇ ಇಳಿಯುತ್ತದೆ. ಬಿಸಿ ಜಾಗದಲ್ಲಿ ಪೀಕ್ ಒಂದು ಗಂಟೆ ನಿಂತರೆ ಹೆಚ್ಚು. 17 ಡಿಗ್ರಿಯಲ್ಲಿ ಅದು ಎರಡು ಮೂರು ಗಂಟೆ ಹಾಗೇ ನಿಂತಿರುತ್ತದೆ. ನೀವು ಎದ್ದು ಕಾಫಿ ಕುಡಿದು ಬಂದರೂ ತಡವಾಗುವುದಿಲ್ಲ. ಅದಕ್ಕೇ ನನಗೆ ಪೆಟ್ಟಿಗೆ, ಹೀಟ್ ಮ್ಯಾಟ್ ಇವೆಲ್ಲ ದಿನನಿತ್ಯಕ್ಕೆ ಬೇಕು ಅನ್ನಿಸುವುದಿಲ್ಲ. ಮಂಕಾದದ್ದನ್ನು ಎಬ್ಬಿಸಲು, ಹೊಸದು ಹುಟ್ಟಿಸಲು ಅವು ಬೇಕು. ಆರೋಗ್ಯವಾಗಿರುವ ಸ್ಟಾರ್ಟರ್‌ಗೆ ತಣ್ಣನೆ ಮನೆ ಒಗ್ಗುತ್ತದೆ. ಅದರ ವೇಗಕ್ಕೆ ನಾವು ನಡೆಯಬೇಕು ಅಷ್ಟೇ.

1:1:1 ಅಳತೆಗೆ ನಾನು ನೋಡಿದ ಹಾಗೆ ಅಂದಾಜು ಇದು: 26 ಡಿಗ್ರಿಯಲ್ಲಿ 4ರಿಂದ 6 ಗಂಟೆ, 21ರಲ್ಲಿ 7ರಿಂದ 9, 18ರಲ್ಲಿ 10ರಿಂದ 14. ಸ್ಟಾರ್ಟರ್‌ನಿಂದ ಸ್ಟಾರ್ಟರ್‌ಗೆ ಬೇರೆ ಇರುತ್ತದೆ. ನಿಮ್ಮದು ಬೇಗ ಆಗುತ್ತಿದ್ದರೆ ಹಳೆಯದನ್ನು ಕಡಿಮೆ ಹಾಕಿ. ತಡ ಆಗುತ್ತಿದ್ದರೆ ಜಾಸ್ತಿ ಹಾಕಿ, 2:1:1 ಕೂಡ ತಪ್ಪಲ್ಲ.


ಬೆಳಗಿನಬೇಕರ್

ನೀರಿಗೆ ಹಾಕಿ ತೇಲುತ್ತದಾ ಅಂತ ನೋಡುವುದು? ಪೀಕ್ ತಿಳಿಯಲು ಅದು ಸಾಕಾ?


ಹುಳಿಜಾರ್

ಅದನ್ನು ನಾನು ನಂಬುವುದಿಲ್ಲ. ತೆಗೆಯುವಾಗ ಚಮಚ ಒತ್ತಿದರೆ ಗ್ಯಾಸ್ ಹೋಗಿ ಮುಳುಗುತ್ತದೆ. ರೈ ಹಾಕಿದ್ದು ಚೆನ್ನಾಗಿದ್ದರೂ ಮುಳುಗುತ್ತದೆ. ಜಾರ್‌ನ ಪಕ್ಕದಿಂದ ನೋಡಿ. ಏರುವಾಗ ಮೇಲ್ಮೈ ಉಬ್ಬಿರುತ್ತದೆ. ಪೀಕ್ ಬಂದಾಗ ಚಪ್ಪಟೆ ಆಗುತ್ತದೆ. ಇಳಿಯಲು ಶುರುವಾದರೆ ನಡುವೆ ಗುಳಿ ಬೀಳುತ್ತದೆ, ಗಾಜಿನ ಮೇಲೆ ಅದು ಮುಟ್ಟಿದ ಎತ್ತರದ ಗೆರೆ ಉಳಿದಿರುತ್ತದೆ. ಬ್ರೆಡ್‌ಗೆ ಬಳಸುವುದಾದರೆ ಚಪ್ಪಟೆ ಆದಾಗ. ಸುಮ್ನೆ ಫೀಡ್ ಮಾಡಿ ಇಡುವುದಾದರೆ ಗುಳಿ ಬಿದ್ದ ಮೇಲೆ.


ಭಾನುವಾರದಬ್ರೆಡ್

ನಾನು ವಾರಕ್ಕೆ ಒಂದೇ ಸಲ ಬ್ರೆಡ್ ಮಾಡುವವನು. ದಿನಾ ಫೀಡ್ ಮಾಡುವುದು ನನ್ನಿಂದ ಆಗುವುದಿಲ್ಲ, ಹಿಟ್ಟೂ ದಂಡ. ನನ್ನ ಪದ್ಧತಿ ಹೇಳುತ್ತೇನೆ, ಸರಿ ಇದೆಯಾ ನೋಡಿ. ಬ್ರೆಡ್ ಮಾಡಿದ ದಿನ ಉಳಿದ ಸ್ಟಾರ್ಟರ್‌ಗೆ ಫೀಡ್ ಮಾಡಿ ಸ್ವಲ್ಪ ಏರಲು ಬಿಟ್ಟು ಆಮೇಲೆ ಫ್ರಿಜ್‌ಗೆ ಇಡುತ್ತೇನೆ. ಶುಕ್ರವಾರ ರಾತ್ರಿ ಹೊರಗೆ ತೆಗೆದು ಫೀಡ್. ಶನಿವಾರ ಏರಿ ಇಳಿದ ಮೇಲೆ ಇನ್ನೊಂದು ಫೀಡ್. ಭಾನುವಾರ ಬೆಳಿಗ್ಗೆ ಹಿಟ್ಟು ಕಲಸುವುದು.


ಲ್ಯಾಬ್‌ಬೆಂಚು

ಬಹಳ ಸರಿ ಇದೆ. ಸ್ವಲ್ಪ ಏರಿದ ಮೇಲೆ ಫ್ರಿಜ್‌ಗೆ ಇಡುವುದು ಒಳ್ಳೆಯ ಅಭ್ಯಾಸ. ಫೀಡ್ ಮಾಡಿದ ತಕ್ಷಣ 4 ಡಿಗ್ರಿಗೆ ಹಾಕಿದರೆ ಹುಳಿ ಬರುವ ಮೊದಲೇ ಎಲ್ಲ ನಿಂತುಹೋಗುತ್ತದೆ. ತಣ್ಣನೆ ಮನೆಯಲ್ಲಿ ಈ ‘ಸ್ವಲ್ಪ ಏರಲು’ ಎರಡು ಗಂಟೆ ಸಾಲದು, ನಾಲ್ಕೈದು ಗಂಟೆಯಾದರೂ ಬಿಡಿ. ಫ್ರಿಜ್‌ನಿಂದ ತೆಗೆದ ಜಾರ್ ತಾನಾಗಿ 17ಕ್ಕೆ ಬರಲು ಸಮಯ ಹಿಡಿಯುತ್ತದೆ. ಆ ಮೊದಲ ಫೀಡ್‌ಗೆ ಬೆಚ್ಚಗಿನ ನೀರು ಹಾಕಿ, ಬೇರೆ ಜಾರ್‌ನಲ್ಲಿ ಕಲಸಿ.


ಗ್ರಾಂಲೆಕ್ಕ

ಗಟ್ಟಿ ಸ್ಟಾರ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ಹಿಟ್ಟಿನ ಅರ್ಧದಷ್ಟೇ ನೀರು ಹಾಕಿ ಉಂಡೆ ಮಾಡಿ ಇಟ್ಟರೆ ಅದು ನಿಧಾನವಾಗಿ ಹುದುಗುತ್ತದೆ, ಹೆಚ್ಚು ದಿನ ತಡೆಯುತ್ತದೆ. ಫ್ರಿಜ್‌ನಲ್ಲಿ ಇಡುವವರಿಗೆ, ಊರಿಗೆ ಹೋಗುವವರಿಗೆ ಅನುಕೂಲ. ಆದರೆ 17 ಡಿಗ್ರಿಯಲ್ಲಿ ಚುರುಕು ಬೇಕು ಅನ್ನುವವರಿಗೆ ಇದು ಉಲ್ಟಾ. ಅವರು ತೆಳ್ಳಗೇ ಇಟ್ಟುಕೊಳ್ಳಲಿ.


ಚಳಿಮನೆ

ಸ್ಟಾರ್ಟರ್ ಈಗ ಸರಿ ಇದೆ. ಆದರೆ ಬ್ರೆಡ್‌ನ ಹಿಟ್ಟು ಕೂಡ ಅದೇ ಅಡುಗೆಮನೆಯಲ್ಲಿ ಕೂರಬೇಕಲ್ವಾ? ರೆಸಿಪಿಯಲ್ಲಿ ನಾಲ್ಕು ಗಂಟೆ ಅಂತ ಇದೆ. ನಾಲ್ಕು ಗಂಟೆಗೆ ಏನೂ ಆಗಿರುವುದಿಲ್ಲ.


ಒಲೆಪಕ್ಕ

ಆ ರೆಸಿಪಿಗಳು ಸಾಮಾನ್ಯವಾಗಿ 24ರಿಂದ 26 ಡಿಗ್ರಿ ಹಿಟ್ಟಿಗೆ ಬರೆದವು. ನಿಮ್ಮ ಮುಂದೆ ಎರಡು ದಾರಿ ಇವೆ. ಸ್ಟಾರ್ಟರ್ ಅನ್ನು ಹಿಟ್ಟಿನ ತೂಕದ ಶೇಕಡ 20ರ ಬದಲು 30 ಹಾಕಿ, ಬೆಚ್ಚಗಿನ ನೀರಲ್ಲಿ ಕಲಸಿ, ಹಗಲಲ್ಲೇ ಮುಗಿಸಬಹುದು. ಇಲ್ಲವೇ ಸ್ಟಾರ್ಟರ್ ಶೇಕಡ 10ರಿಂದ 15 ಹಾಕಿ ರಾತ್ರಿ ಕಲಸಿ ಅಡುಗೆಮನೆಯಲ್ಲೇ ಬಿಟ್ಟು ಮಲಗಬಹುದು. ಬೆಳಿಗ್ಗೆ ಎದ್ದು ನೋಡಿ ಆಕಾರ ಕೊಡುವುದು. ನನಗೆ ಎರಡನೆಯದೇ ಇಷ್ಟ, ರುಚಿಯೂ ಚೆನ್ನಾಗಿ ಬರುತ್ತದೆ.

ಒಂದು ಮಾತ್ರ ಮರೆಯಬೇಡಿ. ಹಿಟ್ಟನ್ನು ಕಲ್ಲಿನ ಕಟ್ಟೆ ಮೇಲೆ ನೇರವಾಗಿ ಇಡಬೇಡಿ. ಚಳಿಯಲ್ಲಿ ಕಲ್ಲು ಗಾಳಿಗಿಂತ ಬೇಗ ಶಾಖ ಎಳೆಯುತ್ತದೆ. ಪಾತ್ರೆ ಕೆಳಗೆ ಮರದ ಹಲಗೆ ಅಥವಾ ಮಡಿಚಿದ ಬಟ್ಟೆ ಇರಲಿ. ಥರ್ಮಾಮೀಟರ್ ಹಿಟ್ಟಿನ ಒಳಗೆ ಚುಚ್ಚಿ ನೋಡಿ, ಗೋಡೆಯ ಮೇಲಿನದ್ದು ನೋಡಿದರೆ ಉಪಯೋಗ ಇಲ್ಲ.


ಹೊಸಕೈ

ನನ್ನದರಲ್ಲೂ ಗುಳ್ಳೆ ಬಂತು! ಹುಳಿ ವಾಸನೆ ಇದೆ. ಮೊದಲ ಫೀಡ್ ಮಾಡಿದೆ. ಇದು ಚೆನ್ನಾಗಿ ಬಲವಾದ ಮೇಲೆ ಹಾಳಾಗದಂತೆ ಸ್ವಲ್ಪ ತೆಗೆದಿಟ್ಟುಕೊಳ್ಳಲು ದಾರಿ ಇದೆಯಾ? ಮತ್ತೆ ಮೊದಲಿಂದ ಕಾಯುವುದು ಬೇಡ ಅನ್ನಿಸುತ್ತಿದೆ.


ಲ್ಯಾಬ್‌ಬೆಂಚು

ಒಣಗಿಸಿ ಇಡಿ. ಮೊದಲು ಕೆಲವು ವಾರ ಚೆನ್ನಾಗಿ ಏರಿ ಇಳಿಯುವುದು ರೂಢಿಯಾಗಲಿ. ಆಮೇಲೆ ಪೀಕ್‌ನಲ್ಲಿರುವ ಸ್ಟಾರ್ಟರ್ ಅನ್ನು ಬೇಕಿಂಗ್ ಪೇಪರ್ ಮೇಲೆ ಆದಷ್ಟು ತೆಳ್ಳಗೆ ಸವರಿ. ಬಿಸಿ ಮಾಡಬೇಡಿ, ಗಾಳಿಯಲ್ಲೇ ಒಣಗಲಿ. ಚಳಿಯಲ್ಲಿ ಎರಡು ಮೂರು ದಿನ ಹಿಡಿಯಬಹುದು. ಮುರಿದರೆ ಗರಿಗರಿಯಾಗಿ ಒಡೆಯಬೇಕು, ಬಾಗಿದರೆ ಇನ್ನೂ ತೇವ ಇದೆ. ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಬೆಳಕು ಬೀಳದ ಜಾಗದಲ್ಲಿಡಿ. ಡಬ್ಬಿ ಮೇಲೆ ತಾರೀಖು ಬರೆಯಿರಿ.

ಎಬ್ಬಿಸುವಾಗ ಒಂದು ಚಮಚ ಪುಡಿಗೆ 30 ಡಿಗ್ರಿಯ ನೀರು ಹಾಕಿ ನೆನೆಸಿ, ಅದು ಕರಗಿದ ಮೇಲೆ ಹಿಟ್ಟು ಸೇರಿಸಿ. ಆಗ ಮಾತ್ರ 25 ಡಿಗ್ರಿಯ ಪೆಟ್ಟಿಗೆ ಬೇಕೇ ಬೇಕು. ಮತ್ತೆ ಗುಳ್ಳೆ ಕಾಣುವವರೆಗೆ ಎರಡನೇ ಫೀಡ್ ಮಾಡಬೇಡಿ.